ಸಿಕ್ಕಿದ್ದು ನಾಲ್ಕು ಮಾತಿನ ಪಾತ್ರ, ತೆರೆಸಿದ್ದು ನಾಸಾ ಬಾಗಿಲು: ಯಾರು ಈ ನಿಶೆಲ್ ನಿಕೋಲ್ಸ್?

ಟಿವಿ ಧಾರಾವಾಹಿಯ ನಟಿಯೊಬ್ಬರು ಬಾಹ್ಯಾಕಾಶ ಸಂಸ್ಥೆಗೆ ಗಗನಯಾತ್ರಿಗಳನ್ನು ಹುಡುಕಲು ಹೊರಟರು ಅಂದ್ರೆ ನಂಬೋದು ಕಷ್ಟ. ಆದರೆ ಅಮೆರಿಕದಲ್ಲಿ ಇದು ನಿಜವಾಗಿ ನಡೆದಿದೆ. ಆ ನಟಿಯೇ 'ಸ್ಟಾರ್ ಟ್ರೆಕ್' ಖ್ಯಾತಿಯ ನಿಶೆಲ್ ನಿಕೋಲ್ಸ್.

ಹಾಡುಗಾರ್ತಿ ನಟಿಯಾದದ್ದು

1932ರ ಡಿಸೆಂಬರ್ 28ರಂದು ಶಿಕಾಗೊ ಸಮೀಪದ ರಾಬಿನ್ಸ್‌ನಲ್ಲಿ ಜನಿಸಿದ ನಿಕೋಲ್ಸ್, ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ತಂಡದ ಜೊತೆ ಹಾಡಿದವರು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ 'ಸ್ಟಾರ್ ಟ್ರೆಕ್' ಶುರುವಾಯಿತು. 23ನೇ ಶತಮಾನದ ಬಾಹ್ಯಾಕಾಶ ನೌಕೆಯೊಂದರ ಕಥೆ ಅದು. ಅದರಲ್ಲಿ ಸಂವಹನ ಅಧಿಕಾರಿ ಲೆಫ್ಟಿನೆಂಟ್ ಉಹುರಾ ಪಾತ್ರ ನಿಕೋಲ್ಸ್ ಅವರದ್ದು. ಸ್ವಾಹಿಲಿ ಭಾಷೆಯಲ್ಲಿ 'ಉಹುರು' ಅಂದರೆ ಸ್ವಾತಂತ್ರ್ಯ.

ಆಗೆಲ್ಲ ಅಮೆರಿಕದ ಟಿವಿಯಲ್ಲಿ ಕಪ್ಪು ಮಹಿಳೆಯರಿಗೆ ಹೆಚ್ಚಾಗಿ ಮನೆಗೆಲಸದವಳ ಪಾತ್ರವೇ ಸಿಗುತ್ತಿತ್ತು. ಅಂಥ ಹೊತ್ತಲ್ಲಿ ಉಹುರಾ, ನೌಕೆಯ ನಾಯಕನ ಪಕ್ಕದಲ್ಲೇ ಕೆಲಸ ಮಾಡುವ ಅಧಿಕಾರಿ.

ಬಿಟ್ಟು ಹೋಗಬೇಕೆಂದಿದ್ದರು!

ಪಾತ್ರಕ್ಕೆ ಹುದ್ದೆಯೇನೋ ದೊಡ್ಡದಿತ್ತು, ಮಾತು ಮಾತ್ರ ಕಡಿಮೆ. ಬರೆದ ಸಂಭಾಷಣೆಗೂ ಕತ್ತರಿ ಬೀಳುತ್ತಿತ್ತು. ಬೇಸತ್ತ ನಿಕೋಲ್ಸ್, ಮೊದಲ ಸೀಸನ್ ಮುಗಿದಾಗ ರಾಜೀನಾಮೆ ಕೊಟ್ಟು ರಂಗಭೂಮಿಗೆ ಮರಳಲು ತೀರ್ಮಾನಿಸಿದ್ದರು.

ಅದೇ ವೇಳೆ ಕಾರ್ಯಕ್ರಮವೊಂದರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಸಿಕ್ಕರು. ನಿಕೋಲ್ಸ್ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ತಾನು ಆಕೆಯ ಅಭಿಮಾನಿ ಎಂದ ಕಿಂಗ್, ಬಿಡುವ ವಿಚಾರ ಕೇಳಿ ಒಪ್ಪಲೇ ಇಲ್ಲ. ಕಪ್ಪು ಜನರನ್ನು ಸಮಾನರಾಗಿ, ಬುದ್ಧಿವಂತರಾಗಿ ಇಡೀ ದೇಶ ನೋಡುತ್ತಿರೋದು ಈ ಪಾತ್ರದಿಂದ ಎಂದು ತಿಳಿಹೇಳಿದರು. ನಿಕೋಲ್ಸ್ ಉಳಿದರು. 1969ರಲ್ಲಿ ಧಾರಾವಾಹಿ ನಿಂತಾಗ 79 ಕಂತುಗಳಾಗಿದ್ದವು. ಮುಂದೆ 1979ರಿಂದ 1991ರವರೆಗೆ ಬಂದ ಆರು ಸಿನಿಮಾಗಳಲ್ಲೂ ಅವರೇ ಉಹುರಾ.

ನಾಸಾಗೆ ನಟಿ ಯಾಕೆ ಬೇಕಾಯ್ತು?

ಅಲ್ಲಿಯವರೆಗೆ ಅಮೆರಿಕದಿಂದ ಬಾಹ್ಯಾಕಾಶಕ್ಕೆ ಹೋದವರೆಲ್ಲ ಬಿಳಿಯ ಗಂಡಸರು, ಬಹುತೇಕರು ಪೈಲಟ್‌ಗಳು. ಆದರೆ ಹೊಸ ಸ್ಪೇಸ್ ಶಟಲ್‌ಗೆ ವಿಜ್ಞಾನಿಗಳು, ಎಂಜಿನಿಯರ್‌ಗಳು, ವೈದ್ಯರೂ ಬೇಕಿತ್ತು. ಸಮಸ್ಯೆ ಏನಂದ್ರೆ, 'ಈ ಕರೆ ನಮಗಲ್ಲ' ಎಂದುಕೊಂಡ ಮಹಿಳೆಯರು, ಕಪ್ಪು ಜನರು ಅರ್ಜಿ ಹಾಕೋಕೇ ಹಿಂಜರಿಯುತ್ತಿದ್ದರು. ಅವರಿಗೆ ನಂಬಿಕೆ ಬರಿಸಬಲ್ಲ ಮುಖ ಬೇಕಿತ್ತು.

1977ರಲ್ಲಿ ನಾಸಾ ಆ ಕೆಲಸವನ್ನು ನಿಕೋಲ್ಸ್ ಅವರ 'ವಿಮೆನ್ ಇನ್ ಮೋಷನ್' ಸಂಸ್ಥೆಗೆ ವಹಿಸಿತು. ಅವರು ಊರೂರು ಸುತ್ತಿ ಯುವಜನರೊಂದಿಗೆ ಮಾತಾಡಿದರು, ಪ್ರಚಾರ ಚಿತ್ರದಲ್ಲೂ ಕಾಣಿಸಿಕೊಂಡರು. ಒಟ್ಟು 8,000ಕ್ಕೂ ಹೆಚ್ಚು ಅರ್ಜಿಗಳು ಬಂದವು. 1978ರಲ್ಲಿ ಆಯ್ಕೆಯಾದ 35 ಮಂದಿಯಲ್ಲಿ ಆರು ಮಹಿಳೆಯರು, ಮೂವರು ಕಪ್ಪು ಜನಾಂಗದವರಿದ್ದರು. ಅವರಲ್ಲೇ ಸ್ಯಾಲಿ ರೈಡ್ 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಅಮೆರಿಕದ ಮೊದಲ ಮಹಿಳೆಯಾದರೆ, ಗಯಾನ್ ಬ್ಲೂಫರ್ಡ್ ಅದೇ ವರ್ಷ ಅಲ್ಲಿಗೆ ಹೋದ ಮೊದಲ ಆಫ್ರಿಕನ್-ಅಮೆರಿಕನ್.

ಟಿವಿ ಮುಂದೆ ಕೂತಿದ್ದ ಹುಡುಗಿ

ಚಿಕ್ಕಂದಿನಲ್ಲಿ ಶಿಕಾಗೊದ ಮನೆಯಲ್ಲಿ ಉಹುರಾಳನ್ನು ನೋಡುತ್ತಾ ಬೆಳೆದವರು ಮೇ ಜೆಮಿಸನ್. 1992ರಲ್ಲಿ ಎಂಡೆವರ್ ನೌಕೆಯೇರಿ, ಬಾಹ್ಯಾಕಾಶ ತಲುಪಿದ ಮೊದಲ ಕಪ್ಪು ಮಹಿಳೆ ಎನಿಸಿದರು. ಅಲ್ಲಿ ಪ್ರತಿ ಪಾಳಿ ಶುರು ಮಾಡುವಾಗ ಅವರು ಹೇಳುತ್ತಿದ್ದುದು ಉಹುರಾಳ ಡೈಲಾಗನ್ನೇ. ಮರುವರ್ಷ 'ಸ್ಟಾರ್ ಟ್ರೆಕ್' ಸರಣಿಯ ಕಂತೊಂದರಲ್ಲಿ ನಟಿಸಿದರು ಕೂಡ.

ನಿಕೋಲ್ಸ್ 2022ರ ಜುಲೈ 30ರಂದು, 89ನೇ ವಯಸ್ಸಿನಲ್ಲಿ ನಿಧನರಾದರು. ಕತ್ತರಿ ಬಿದ್ದು ಉಳಿದಿದ್ದ ಆ ನಾಲ್ಕು ಮಾತಿನಲ್ಲೇ ಒಂದು, ಅಷ್ಟರಲ್ಲಾಗಲೇ ನಿಜವಾದ ಬಾಹ್ಯಾಕಾಶದಲ್ಲಿ ಕೇಳಿಬಂದಾಗಿತ್ತು.