ಫೋರ್ ಸ್ಟ್ರೋಕ್ ಅಂದ ಮಾತ್ರಕ್ಕೆ ಎಣ್ಣೆ ಬೇಡವೇ?

ಮೂರು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಬೆಂಗಳೂರಿನ ವೈಯಾಲಿಕಾವಲ್‌ನ ನಮ್ಮ ಮನೆಗೆ ಕೆಳಗಿನ ಬೀದಿಯ ಹುಡುಗನೊಬ್ಬ ಸ್ನಾನದ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಾನೆ. ಬಿಚ್ಚಿದರೆ ಒಳಗೆ ಮಾದರಿ ವಿಮಾನದ ಗ್ಲೋ ಇಂಜಿನ್, ಹತ್ತು ಸಿಸಿ, ಫೋರ್ ಸ್ಟ್ರೋಕ್. ಪ್ರೊಪೆಲ್ಲರ್ ಹಿಡಿದು ತಿರುಗಿಸಿದೆ. ಕಾಲು ಸುತ್ತು ಬಂತು, ಮರಳು ಅರೆದ ಹಾಗೆ ಕರಕರ ಅಂತು, ನಿಂತಿತು.

ಹಿಂಬದಿಯ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಕಪ್ಪು ರಾಡಿ. ಒರೆಸಿದಾಗ ಬೇರಿಂಗಿನ ಗುಂಡುಗಳ ಮೇಲೆ ಕೆಂಪು ತುಕ್ಕು. ಕನೆಕ್ಟಿಂಗ್ ರಾಡಿನ ಕೆಳತುದಿ ಕ್ರ್ಯಾಂಕ್ ಪಿನ್ನಿನ ಮೇಲೆ ಲಟಲಟ ಅಲ್ಲಾಡುತ್ತಿತ್ತು. ಕೊಂಡು ಒಂದು ವರ್ಷವೂ ಆಗಿರಲಿಲ್ಲ.

“ಫ್ಯೂಯಲ್‌ಗೆ ಎಣ್ಣೆ ಎಷ್ಟು ಹಾಕಿದ್ದೆಯಪ್ಪ?”

“ಐದು ಪರ್ಸೆಂಟ್ ಅಂಕಲ್. ಫೋರ್ ಸ್ಟ್ರೋಕ್ ಅಲ್ವಾ? ಇಂಜಿನ್ ಆಯಿಲ್ ಬೇರೆ ಹಾಕಿದ್ದೆ, ಈ ನಿಪ್ಪಲ್‌ನಲ್ಲಿ, ಸಿರಿಂಜ್‌ನಿಂದ.”

ಅವನು ತೋರಿಸಿದ್ದು ಬ್ರೀದರ್ ನಿಪ್ಪಲ್. ಎಣ್ಣೆ ಹೊರಗೆ ಬರುವ ಬಾಗಿಲನ್ನು ಅವನು ಎಣ್ಣೆ ತುಂಬುವ ಬಾಗಿಲು ಅಂದುಕೊಂಡಿದ್ದ. ಹಾಗೆ ಮಾಡಲು ಇಂಜಿನ್ ಕೊಟ್ಟವರೇ ಹೇಳಿದ್ದರಂತೆ. ನನಗೆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಮಾತನ್ನು ಒಬ್ಬರಲ್ಲ ಒಬ್ಬರ ಬಾಯಲ್ಲಿ ಕೇಳುತ್ತಿದ್ದೇನೆ, ಪ್ರತಿ ಸಲವೂ ಮೇಜಿನ ಮೇಲೆ ಇಂಥದೇ ಒಂದು ಇಂಜಿನ್ ಬಂದು ಕೂರುತ್ತದೆ. ಸಿಟ್ಟು ಆ ಮಾತಿನ ಮೇಲೆ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾದ ಗಾಡಿಗಳಲ್ಲಿ ಬೆಳೆದವರು ನಾವು. ಜಾವಾ, ಯೆಜ್ದಿ ಎರಡೂ ಟೂ ಸ್ಟ್ರೋಕ್, ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಿಸಬೇಕಿತ್ತು. ಆಮೇಲೆ 1985ರಲ್ಲಿ ಹೀರೋ ಹೋಂಡಾ ಬಂತು. ಪೆಟ್ರೋಲಿಗೆ ಎಣ್ಣೆ ಇಲ್ಲ, ಹೊಗೆ ಇಲ್ಲ, ಕೆಳಗಿನ ಸಂಪಿನಲ್ಲಿ ಎಣ್ಣೆ ಬೇರೆ. ಮನೆಮನೆಯಲ್ಲೂ ಒಂದು ಸೂತ್ರ ಬಾಯಿಪಾಠವಾಯಿತು: ಟೂ ಸ್ಟ್ರೋಕ್‌ಗೆ ಎಣ್ಣೆ ಬೆರೆಸಬೇಕು, ಫೋರ್ ಸ್ಟ್ರೋಕ್‌ಗೆ ಬೇಡ. ಮೋಟಾರು ಸೈಕಲ್ಲಿಗೆ ಅದು ಸರಿ. ಅದನ್ನೇ ತಂದು ಮಾದರಿ ವಿಮಾನಕ್ಕೆ ಅಂಟಿಸಿದರೆ ಇಂಜಿನ್ ಸಾಯುತ್ತದೆ.

ಫೋರ್ ಸ್ಟ್ರೋಕ್ ಅನ್ನುವ ಹೆಸರು ಹೇಳುವುದು ಒಂದೇ ಸಂಗತಿ: ಕ್ರ್ಯಾಂಕ್ ಎರಡು ಸುತ್ತು ಬಂದಾಗ ಒಂದು ಸಲ ಬೆಂಕಿ. ಎಣ್ಣೆ ಎಲ್ಲಿಂದ ಬರುತ್ತದೆ ಅನ್ನುವುದರ ಬಗ್ಗೆ ಆ ಹೆಸರು ಚಕಾರವನ್ನೂ ಎತ್ತುವುದಿಲ್ಲ. ಮಾದರಿ ಇಂಜಿನ್ನಿನಲ್ಲಿ ಸಂಪ್ ಇಲ್ಲ, ಆಯಿಲ್ ಪಂಪ್ ಇಲ್ಲ, ಫಿಲ್ಟರ್ ಇಲ್ಲ. ಇರಲು ಜಾಗವೂ ಇಲ್ಲ. ವಿಮಾನ ಮಗುಚಿ ಹಾರುವಾಗ ಸಂಪಿನ ಎಣ್ಣೆ ಎಲ್ಲಿಗೆ ಹೋಗಬೇಕು ಅಂತ ಒಂದು ಕ್ಷಣ ಯೋಚಿಸಿದರೂ ಸಾಕು. ಇದಕ್ಕೆ ಎಣ್ಣೆ ಬರುವ ದಾರಿ ಒಂದೇ, ಕಾರ್ಬ್ಯುರೇಟರ್. ಮೆಥನಾಲಿನ ಜೊತೆ ಬೆರೆತು ಬಂದ ಎಣ್ಣೆ ಸಿಲಿಂಡರಿಗೆ ಹೋಗುತ್ತದೆ. ಮೆಥನಾಲ್ ಉರಿಯುತ್ತದೆ, ಎಣ್ಣೆ ಬಹುಪಾಲು ಉರಿಯುವುದಿಲ್ಲ. ಅದರಲ್ಲಿ ಹೆಚ್ಚಿನದು ಎಗ್ಸಾಸ್ಟಿನಲ್ಲಿ ಹೊರಬೀಳುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗಿನ ಸಂದಿಯಲ್ಲಿ ಒತ್ತಡಕ್ಕೆ ಜಾರಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಬೇರಿಂಗು, ಕನೆಕ್ಟಿಂಗ್ ರಾಡು, ಕ್ಯಾಮಿನ ಹಲ್ಲು, ಟ್ಯಾಪೆಟ್ಟು, ಇವೆಲ್ಲ ಬದುಕುವುದು ಆ ಜಾರಿ ಬಂದ ಸ್ವಲ್ಪದ ಮೇಲೆ. ಕೆಲಸ ಮುಗಿಸಿದ ಎಣ್ಣೆ ಬ್ರೀದರಿನಿಂದ ತೊಟ್ಟಿಕ್ಕುತ್ತದೆ. ವೈಎಸ್ ಕಂಪನಿಯ ಕೆಲವು ಇಂಜಿನ್ನುಗಳಲ್ಲಿ ಮಿಶ್ರಣವೇ ಕ್ರ್ಯಾಂಕ್‌ಕೇಸಿನ ಮೂಲಕ ಹಾದುಹೋಗುತ್ತದೆ, ಆ ಮಾತು ಬೇರೆ. ಉಳಿದವುಗಳಿಗೆ ಇದೇ ಗತಿ.

ಈಗ ಲೆಕ್ಕ ಹಾಕಿ. ಟೂ ಸ್ಟ್ರೋಕಿನಲ್ಲಿ ಪೂರ್ತಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೇ ಬಂದು ಬೇರಿಂಗನ್ನು ತೋಯಿಸಿ ಆಮೇಲೆ ಮೇಲಕ್ಕೆ ಹೋಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ಕೆಳಗೆ ಸಿಗುವುದು ಸೋರಿದ್ದು ಮಾತ್ರ. ಅಂದಮೇಲೆ ಎಣ್ಣೆಯ ವಿಷಯದಲ್ಲಿ ಹೆಚ್ಚು ಜೋಪಾನ ಮಾಡಬೇಕಾದದ್ದು ಯಾವುದನ್ನು? ನೂರು ಪಾಲು ಫ್ಯೂಯಲ್‌ನಲ್ಲಿ 18ರಿಂದ 20 ಪಾಲು ಎಣ್ಣೆ ಇರಲೇಬೇಕು. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಕ್ರ್ಯಾಂಕಿಗೆ ಐದು ಪಾಲು ಸಾಲುವುದಿಲ್ಲ.

ಸಿರಿಂಜಿನಲ್ಲಿ ತುಂಬಿದ ಇಂಜಿನ್ ಆಯಿಲ್ ಏನಾಯಿತು ಅಂತ ಹುಡುಗ ಕೇಳಿದ. ಪಿಸ್ಟನ್ ಕೆಳಕ್ಕೆ ಬಂದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿ ಒತ್ತಿಕೊಂಡು ಬ್ರೀದರಿನಿಂದ ಹೊರಗೆ ಹೋಗುತ್ತದೆ. ಅದರ ಜೊತೆ ಎಣ್ಣೆಯೂ ಉಗಿದುಹೋಯಿತು. ಮೊದಲೆರಡು ನಿಮಿಷದಲ್ಲಿ ಹೊರಗೆ ಹೋಗದೆ ಉಳಿದದ್ದು ರಾಡಿ.

ಅವನಿಗೆ ಒಂದು ಪ್ರಯೋಗ ಮಾಡಿ ತೋರಿಸಿದೆ. ಎರಡು ಗಾಜಿನ ಶೀಶೆಗಳಿಗೆ ಎರಡೆರಡು ಬೆರಳು ಮೆಥನಾಲ್ ಹಾಕಿದೆ. ಒಂದಕ್ಕೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಗಾಡಿಯ ಎಣ್ಣೆ, ಇನ್ನೊಂದಕ್ಕೆ ಶುದ್ಧ ಹರಳೆಣ್ಣೆ. ಎರಡನ್ನೂ ಬಿರಡೆ ಹಾಕಿ ಚೆನ್ನಾಗಿ ಕುಲುಕಿದೆವು. ಹರಳೆಣ್ಣೆಯದು ತಿಳಿ ಹಳದಿಯಾಗಿ ಒಂದಾಗಿ ನಿಂತಿತು. ಗಾಡಿ ಎಣ್ಣೆಯದು ಮಜ್ಜಿಗೆಯ ಹಾಗೆ ಕಲಕಿ, ಕಾಫಿ ಕುಡಿದು ಮುಗಿಸುವುದರೊಳಗೆ ತಳಕ್ಕೆ ಇಳಿದು ಬೇರೆಯಾಯಿತು. ಮೇಲೆ ಬರಿಯ ಮೆಥನಾಲ್. ಅಂಥ ಫ್ಯೂಯಲ್ ಟ್ಯಾಂಕಿಗೆ ಹಾಕಿದರೆ ಇಂಜಿನ್ನಿಗೆ ಒಂದು ನಿಮಿಷ ಎಣ್ಣೆ, ಒಂದು ನಿಮಿಷ ಉಪವಾಸ. ಪೆಟ್ರೋಲಿನ ಜೊತೆ ಇದು ತಿರುವುಮುರುವು: ಹರಳೆಣ್ಣೆಗೆ ಪೆಟ್ರೋಲ್ ಒಗ್ಗುವುದಿಲ್ಲ.

ಹಾಗೆ ಒಗ್ಗದಿರುವುದನ್ನೇ ಉಪಯೋಗಕ್ಕೆ ತಂದುಕೊಂಡವರು ಫ್ರಾನ್ಸಿನ ಸೆಗ್ಯಾನ್ ಸೋದರರು. 1909ರ ಹೊತ್ತಿಗೆ ವಿಮಾನಗಳಿಗೆ ಬಂದ ಅವರ ನೋಮ್ ರೋಟರಿ ಇಂಜಿನ್ ಫೋರ್ ಸ್ಟ್ರೋಕೇ. ಸಂಪ್ ಇರಲಿಲ್ಲ. ಇಡೀ ಇಂಜಿನ್ನೇ ಗಿರಗಿರ ತಿರುಗುವಾಗ ಸಂಪ್ ಇಡುವುದಾದರೂ ಎಲ್ಲಿ? ಪೆಟ್ರೋಲ್ ಆವಿ ಕ್ರ್ಯಾಂಕ್‌ಕೇಸಿನಲ್ಲಿ ಹಾದುಹೋಗುತ್ತಿತ್ತು, ಅದು ತೊಳೆದುಕೊಂಡು ಹೋಗದ ಎಣ್ಣೆ ಬೇಕಿತ್ತು. ಅದೇ ಹರಳೆಣ್ಣೆ. ಒಳಗೆ ಹೋದದ್ದೆಲ್ಲ ಹೊರಗೆ ಚಿಮ್ಮಿ, ಪೈಲಟ್ಟಿನ ಮುಖಕ್ಕೇ ರಾಚುತ್ತಿತ್ತು. ಸಂಪ್ ಇಲ್ಲದ ಫೋರ್ ಸ್ಟ್ರೋಕ್ ಹೊಸ ವಿಚಾರವಲ್ಲ, ನೂರು ವರ್ಷಕ್ಕೂ ಹಳೆಯದು. ಒಸಾಕಾದ ಓಎಸ್ ಕಂಪನಿ 1976ರಲ್ಲಿ ಎಫ್‌ಎಸ್-60 ಅನ್ನುವ ಮಾದರಿ ಇಂಜಿನ್ನನ್ನು ಮಾರುಕಟ್ಟೆಗೆ ತಂದಾಗಲೂ ಎಣ್ಣೆ ಫ್ಯೂಯಲ್‌ನಲ್ಲೇ ಇತ್ತು. ಈಗಲೂ ಅಲ್ಲೇ ಇದೆ.

ಹರಳೆಣ್ಣೆ ಹಳೇ ಕಾಲದ್ದು, ಇಂಜಿನ್ನಿಗೆ ಅಂಟು ಹಿಡಿಸುತ್ತದೆ ಅನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಅಂಟು ಹಿಡಿಯುತ್ತದೆ, ಕಂದು ಬಣ್ಣದ ವಾರ್ನಿಶ್ ಹಾಗೆ. ಆದರೆ ಇಂಜಿನ್ ಮಿತಿಮೀರಿ ಕಾದಾಗ ಸಿಂಥೆಟಿಕ್ ಎಣ್ಣೆ ಕೈಬಿಟ್ಟ ಮೇಲೂ ಲೋಹವನ್ನು ಹಿಡಿದುಕೊಂಡಿರುವುದು ಅದೇ. ಅದಕ್ಕೇ ಸಿಂಥೆಟಿಕ್ಕಿಗೆ ಸ್ವಲ್ಪ ಹರಳೆಣ್ಣೆ ಸೇರಿಸುವುದು ನನ್ನ ಪದ್ಧತಿ. ಗ್ರಂಥಿಗೆ ಅಂಗಡಿಯಲ್ಲಿ ದೀಪಕ್ಕೆಂದು ಕೊಡುವ ಬೆರಕೆ ಎಣ್ಣೆ ಮಾತ್ರ ಬೇಡ. ಹಿಡಿದ ಅಂಟನ್ನು ಬಿಡಿಸಲು ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟಿನಲ್ಲಿ ಬೆಚ್ಚಗೆ ನೆನೆಸಿಡಬೇಕು. ಅದಕ್ಕೆ ಬೇರೆಯೇ ಪಾತ್ರೆ ಇರಲಿ, ಅಡುಗೆಮನೆಗೆ ಅದು ಮತ್ತೆ ಹೋಗಕೂಡದು. ಕೂಲಂಟ್ ವಿಷ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ನೈಟ್ರೋಮೀಥೇನ್ ಹೆಚ್ಚಿದಷ್ಟೂ ಒಳ್ಳೆಯದು ಅನ್ನುತ್ತಾರೆ. ಐದರಿಂದ ಹದಿನೈದು ಪಾಲು ಸಾಕು, ಮಿಕ್ಕಿದ್ದು ದುಡ್ಡಿಗೂ ಬೇರಿಂಗಿಗೂ ದಂಡ. ಹಾರುವಾಗಲೂ ಗ್ಲೋ ಪ್ಲಗ್ಗಿಗೆ ಬ್ಯಾಟರಿ ಬೇಕು ಅನ್ನುತ್ತಾರೆ. ಒಂದೂವರೆ ವೋಲ್ಟಿನ ಬ್ಯಾಟರಿ ಬೇಕಾಗುವುದು ಶುರು ಮಾಡಲು, ಆಮೇಲೆ ಪ್ಲಾಟಿನಂ ತಂತಿಯೂ ಮೆಥನಾಲೂ ತಾವೇ ನೋಡಿಕೊಳ್ಳುತ್ತವೆ. ಅದೇ ಕಾರಣಕ್ಕೆ ಪೆಟ್ರೋಲ್ ಹಾಕಿದರೆ ಈ ಇಂಜಿನ್ ಓಡುವುದಿಲ್ಲ. ವಾಲ್ವ್ ಸಂದನ್ನು ಇಂಜಿನ್ ಬಿಸಿಯಿದ್ದಾಗ ನೋಡಬೇಕು ಅನ್ನುವವರಿದ್ದಾರೆ. ತಣ್ಣಗಿದ್ದಾಗಲೇ ನೋಡಬೇಕು, ಎರಡೂ ವಾಲ್ವ್ ಮುಚ್ಚಿದ ಕಂಪ್ರೆಷನ್ ಹಂತದಲ್ಲಿ. ಓಎಸ್ ಇಂಜಿನ್ನುಗಳಿಗೆ 0.04ರಿಂದ 0.10 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು.

ಫ್ಯೂಯಲ್ ಅಳೆದು ಬಿಡುವ ನೀಡಲ್ ಬಿಗಿ ಮಾಡಿದಷ್ಟೂ ಶಕ್ತಿ ಅನ್ನುವ ನಂಬಿಕೆ ಮಾತ್ರ ಕೈಬೆರಳಿಗೆ ಸಂಬಂಧಿಸಿದ್ದು, ಅದನ್ನು ಬಿಡುವ ಹಾಗಿಲ್ಲ. ಮಿಶ್ರಣ ಲೀನ್ ಆದಷ್ಟೂ, ಅಂದರೆ ಗಾಳಿಗೆ ಫ್ಯೂಯಲ್ ಕಡಿಮೆಯಾದಷ್ಟೂ, ಬೆಂಕಿ ಹೊತ್ತಿಗೆ ಮುಂಚೆಯೇ ಹತ್ತುತ್ತದೆ. ಪಿಸ್ಟನ್ ಇನ್ನೂ ಮೇಲೇರುವಾಗಲೇ ಹತ್ತಿದರೆ ಕ್ರ್ಯಾಂಕ್ ಹಿಂದಕ್ಕೆ ಒದೆಯುತ್ತದೆ, ನಟ್ಟು ಸಡಿಲಾಗಿ ಪ್ರೊಪೆಲ್ಲರ್ ಎದುರಿಗೆ ಹಾರುತ್ತದೆ. ಫೋರ್ ಸ್ಟ್ರೋಕಿಗೆ ಎರಡನೆಯ ಲಾಕ್ ನಟ್ ಕೊಡುವುದು ಇದಕ್ಕೇ. ಥ್ರಾಟಲ್ ಪೂರ್ತಿ ತೆರೆದು ಅತಿ ಹೆಚ್ಚು ವೇಗ ಬರುವ ಜಾಗ ಹುಡುಕಬೇಕು, ಅಲ್ಲಿಂದ ಇನ್ನೂರು ಮುನ್ನೂರು ಸುತ್ತು ಕಡಿಮೆಯಾಗುವ ತನಕ ನೀಡಲ್ ಬಿಚ್ಚಬೇಕು. ಆಮೇಲೆ ವಿಮಾನದ ಮೂತಿ ಆಕಾಶಕ್ಕೆ ಎತ್ತಿ ಹಿಡಿದು ಸದ್ದು ಕೇಳಬೇಕು.

ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಕೈಪಿಡಿಯಲ್ಲಿ ಬರೆದ ನೀಡಲ್ ಲೆಕ್ಕ ಇಲ್ಲಿ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಫ್ಯೂಯಲ್ ಹೆಚ್ಚಾಗುತ್ತದೆ, ಇಂಜಿನ್ ಸ್ವಲ್ಪ ಮಂಕಾಗಿ ಓಡುತ್ತದೆ, ಅಷ್ಟೇ. ಅಪಾಯ ಇರುವುದು ಅದರ ಉಲ್ಟಾದಲ್ಲಿ. ಬೆಂಗಳೂರಿನಲ್ಲಿ ಹದವಾಗಿ ಕೂರಿಸಿದ ಇಂಜಿನ್ನನ್ನು ಮಂಗಳೂರಿಗೆ ಒಯ್ದು, ನೀಡಲ್ ಮುಟ್ಟದೆ ಕಡಲ ದಂಡೆಯಲ್ಲಿ ಶುರು ಮಾಡಿದರೆ ಅದು ಲೀನ್. ಘಟ್ಟ ಇಳಿದ ಕೂಡಲೇ ನೀಡಲ್ ಬಿಚ್ಚಿ.

ಮೆಥನಾಲ್ ಬರಿಯ ಸ್ಪಿರಿಟ್ಟು, ಏನೂ ಆಗುವುದಿಲ್ಲ ಅನ್ನುವವರಿಗೆ ನಾನು 1981ನ್ನು ನೆನಪಿಸುತ್ತೇನೆ. ಆ ವರ್ಷ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸ್ವಲ್ಪವೇ ಒಳಗೆ ಹೋದರೂ ಕಣ್ಣು ಹೋಗುತ್ತದೆ, ಚರ್ಮದ ಮೂಲಕವೂ ಇಳಿಯುತ್ತದೆ. ಬಿಸಿಲಲ್ಲಿ ಅದಕ್ಕೆ ಬೆಂಕಿ ಹತ್ತಿದರೆ ಜ್ವಾಲೆ ಕಾಣುವುದೇ ಇಲ್ಲ, ಗೊತ್ತಾಗುವುದು ಕೈ ಸುಟ್ಟಾಗ. ಕುಡಿಯುವ ನೀರಿನ ಬಾಟಲಿಯಲ್ಲಿ ಫ್ಯೂಯಲ್ ತುಂಬಿಸಿ ಮೈದಾನಕ್ಕೆ ತರುವವರನ್ನು ಕಂಡರೆ ನಾನು ಜಗಳವಾಡುತ್ತೇನೆ, ಇನ್ನು ಮುಂದೆಯೂ ಆಡುತ್ತೇನೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಾಲದಲ್ಲೂ ಇದ್ದಾರೆ. ನನಗೆ ನೋವಾಗುವುದು ಇದು ಇಲ್ಲಿ, ಈ ಊರಲ್ಲಿ ನಡೆಯುತ್ತದಲ್ಲ ಅಂತ. 1940ರಲ್ಲಿ ಎಚ್‌ಎಎಲ್ ಶುರುವಾದ ಊರು ಇದು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1942ರಿಂದ ವಿಮಾನಶಾಸ್ತ್ರ ಕಲಿಸುತ್ತಿದ್ದಾರೆ. ಇಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಯಾರೋ ಹೇಳಿದರು ಅಂತ ಬ್ರೀದರಿಗೆ ಸಿರಿಂಜ್ ಚುಚ್ಚುತ್ತಾನೆ. ಡಬ್ಬಿಯಲ್ಲಿ ಕೈಪಿಡಿ ಇತ್ತು. ಮಡಿಕೆಯೂ ಬಿಚ್ಚಿರಲಿಲ್ಲ. ನಾನೇ ಬಿಚ್ಚಿ ಓದಿಸಿದೆ. “ಬ್ರೀದರಿನಿಂದ ಎಣ್ಣೆ ಹೊರಗೆ ಬರುವುದು ಸಹಜ ಅಂತ ಇಲ್ಲೇ ಇದೆಯಲ್ಲ ಅಂಕಲ್” ಅಂದ, ಸಣ್ಣ ದನಿಯಲ್ಲಿ. ಯಾರು ಹೇಳಿದರು ಅಂತ ಕೇಳುವುದನ್ನು ಬಿಟ್ಟು ಯಾಕೆ ಹಾಗೆ ಅಂತ ಕೇಳಿದ್ದರೆ ಅವನೇ ಉತ್ತರ ಕಂಡುಕೊಳ್ಳುತ್ತಿದ್ದ. ಬುದ್ಧಿವಂತ ಹುಡುಗ.

ಬೇರಿಂಗ್ ಎಸ್‌ಪಿ ರಸ್ತೆಯಲ್ಲಿ ಸಿಕ್ಕಿತು, ಮಾಮೂಲಿ ಅಳತೆಯದೇ. ಕನೆಕ್ಟಿಂಗ್ ರಾಡಿಗೆ ಆರು ವಾರ ಕಾದೆವು. ಜೋಡಿಸುವಾಗ ಅವನಿಗೆ ಇನ್ನೊಂದು ಅಭ್ಯಾಸವನ್ನೂ ಕಲಿಸಿದೆ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಉರಿದ ನೈಟ್ರೋ ಆಮ್ಲ ಉಳಿಸಿಹೋಗುತ್ತದೆ, ಬೇರಿಂಗಿಗೆ ಆ ಕೆಂಪು ತುಕ್ಕು ಬಂದದ್ದು ಹಾಗೆ. ಹಾರಾಟ ಮುಗಿದ ಮೇಲೆ ಫ್ಯೂಯಲ್ ಕೊಳವೆ ಕಿತ್ತು, ತಾನಾಗಿ ನಿಲ್ಲುವ ತನಕ ಇಂಜಿನ್ ಓಡಿಸಬೇಕು. ಆಮೇಲೆ ಕಾರ್ಬ್ಯುರೇಟರಿಗೂ ಬ್ರೀದರಿಗೂ ಕೆಲವು ತೊಟ್ಟು ಆಫ್ಟರ್ ರನ್ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ, ಎರಡೂ ವಾಲ್ವ್ ಮುಚ್ಚುವ ಹಾಗೆ ನಿಲ್ಲಿಸಿ ಬಟ್ಟೆ ಸುತ್ತಿಡಬೇಕು. ಬ್ರೀದರಿಗೆ ಎಣ್ಣೆ ಹಾಕುವ ಹೊತ್ತು ಅಂತ ಇದ್ದರೆ ಅದು ಇದೊಂದೇ.

ಹೋದ ಭಾನುವಾರ ದೊಡ್ಡಬಳ್ಳಾಪುರದ ಕಡೆ ಗೆಳೆಯರೊಬ್ಬರ ತೋಟದಲ್ಲಿ, ಮರದ ಹಲಗೆಗೆ ಬಿಗಿದು ಶುರು ಮಾಡಿದೆವು. ಎಣ್ಣೆ ಇಪ್ಪತ್ತು ಪಾಲು. ಬ್ರೀದರಿಗೆ ಸಿಲಿಕಾನ್ ಕೊಳವೆ ಸಿಕ್ಕಿಸಿ, ಅದರ ತುದಿಗೆ ಹಳೇ ಬಿಳಿ ಪಂಚೆಯ ಚೂರು ಹಿಡಿದುಕೊಂಡು ಹುಡುಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದು ತೊಟ್ಟು, ಬೂದು ಬಣ್ಣದ್ದು. ಇನ್ನೊಂದು. ಮೊದಲ ಟ್ಯಾಂಕ್ ಮುಗಿಯುವ ಹೊತ್ತಿಗೆ ಬಟ್ಟೆಯ ಮೇಲೆ ಬೀಳುತ್ತಿದ್ದದ್ದು ಜೇನಿನ ಬಣ್ಣಕ್ಕೆ ತಿರುಗಿತ್ತು. ಅವನು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದ, ಬೆರಳಲ್ಲಿ ಉಜ್ಜಿ ನೋಡಿದ, ಎರಡನೆಯ ಟ್ಯಾಂಕ್ ತುಂಬಲು ಎದ್ದ.