ಹೊಗೆಸೊಪ್ಪು ಸಂಚಿಗೆ ಬಿದ್ದ ಕತೆ

1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್, ವಾಪಸು ಹೊರಡುವಾಗ ಕಪ್ಪಕಾಣಿಕೆಗಳ ಜೊತೆಗೆ ಯಾರೂ ಹೇಳಿ ಕಳಿಸದಿದ್ದ ಒಂದು ಸಾಮಾನನ್ನೂ ಕಟ್ಟಿಕೊಂಡ. ಅದು ತಂಬಾಕು. ಉತ್ತರದ ಕಡೆ ಅವನು ಅದನ್ನು ಕಂಡೇ ಇರಲಿಲ್ಲ. ಬರೀ ಸೊಪ್ಪನ್ನು ಬಾದಶಹನ ಮುಂದೆ ಇಟ್ಟರೆ ಏನು ಚೆಂದ ಅನ್ನಿಸಿತೋ ಏನೋ, ಸೇದಲು ಪೈಪನ್ನೂ ಸಜ್ಜು ಮಾಡಿದ. ಸುಮಾತ್ರಾದ ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡು ತುದಿಗೂ ರತ್ನ ಮತ್ತು ಮೀನಾ ಕೆಲಸ, ತುಟಿಗಿಡುವಲ್ಲಿ ಯೆಮೆನ್ ದೇಶದ ಕೆಂಪುಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು. ಇಷ್ಟೆಲ್ಲ ಆಯಿತು, ಸೊಪ್ಪನ್ನು ತುಂಬಿಕೊಳ್ಳುವುದು ಯಾವುದರಲ್ಲಿ? ಸುಲ್ತಾನ ಇಬ್ರಾಹಿಂ ಆದಿಲ್ ಶಾ ಅವನಿಗೊಂದು ಬಲು ನಾಜೂಕಿನ ಎಲೆ ಅಡಿಕೆ ಸಂಚಿ ಕೊಟ್ಟಿದ್ದ. ಅದರಲ್ಲೇ ತುಂಬಿದ.

ಅಕ್ಬರ ಒಂದೆರಡು ದಮ್ಮು ಎಳೆದ. ಹಕೀಮ ಬೇಡವೆಂದ. ಮಿಕ್ಕಿದ್ದು ಅಮೀರರ ಪಾಲಾಯಿತು, ಒಬ್ಬೊಬ್ಬರೂ ನನಗೂ ಬೇಕು ಎಂದು ಹೇಳಿ ಕಳಿಸತೊಡಗಿದರು, ವ್ಯಾಪಾರಿಗಳು ಅಂಗಡಿಗೆ ತರಿಸತೊಡಗಿದರು. 1617ರ ಹೊತ್ತಿಗೆ ಜಹಾಂಗೀರ್ ನಿಷೇಧ ಹೊರಡಿಸಬೇಕಾಗಿ ಬಂತು. ನಿಷೇಧದಿಂದ ಏನಾಯಿತೆಂದು ಬೇರೆ ಹೇಳಬೇಕಿಲ್ಲ.

ಅಸದ್ ಬೇಗ್ ಬರೆದಿಟ್ಟದ್ದನ್ನು ಓದಿದರೆ ಸೊಪ್ಪಿಗಿಂತ ಸಲಕರಣೆಯ ಮೇಲೆಯೇ ಅವನಿಗೆ ಮೋಹ ಜಾಸ್ತಿ ಇತ್ತು ಅನ್ನಿಸುತ್ತದೆ. ಪೈಪಿನ ಖಯಾಲಿ ಹತ್ತಿದವರ ಲಕ್ಷಣವೇ ಅದು. ಇವತ್ತಿಗೂ ಆ ಜನ ಮೆಡಿಟರೇನಿಯನ್ ದಂಡೆಯ ಬ್ರಯರ್ ಪೊದೆಯ ಬೇರುಗಂಟನ್ನು ಕುದಿಸಿ, ಒಣಗಿಸಿ, ಕೊರೆದ ಬಟ್ಟಲಿನ ಎಳೆ ಹೇಗೆ ಓಡಿದೆ ಎಂದು ತಾಸುಗಟ್ಟಲೆ ಮಾತಾಡಬಲ್ಲರು. ಟರ್ಕಿಯ ಮೀರ್‌ಶಾಮ್ ಬಿಳಿಕಲ್ಲಿನ ಪೈಪು ವರ್ಷಗಟ್ಟಲೆ ಸೇದಿದ ಮೇಲೆ ಎಂಥ ಕಂದುಬಣ್ಣಕ್ಕೆ ತಿರುಗಿತು ಎಂದು ತೋರಿಸಿಕೊಂಡು ತಿರುಗಬಲ್ಲರು. ಹೊಸ ಬಟ್ಟಲನ್ನು ಪಳಗಿಸುವುದು, ಸೊಪ್ಪು ಒತ್ತುವುದು, ಬೂದಿ ಕೆದಕುವುದು, ಪ್ರತಿಯೊಂದಕ್ಕೂ ಕಡ್ಡಿ, ಪ್ರತಿಯೊಂದಕ್ಕೂ ಕ್ರಮ. ಅವರು ಹೊಗಳುವ ಸೊಪ್ಪುಗಳಲ್ಲೊಂದಾದ ವರ್ಜೀನಿಯಾ ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲೇ ಬೆಳೆಯುತ್ತದೆ, ಬಹುಪಾಲು ಹಡಗು ಹತ್ತುತ್ತದೆ.

ನಮ್ಮ ಸೀಮೆಯ ಕಡೂರು, ತರೀಕೆರೆ, ಅಜ್ಜಂಪುರದ ಕಡೆಗೆ ಪೈಪು ಬರಲೇ ಇಲ್ಲವೆಂದಲ್ಲ. ಚಂದ್ರದ್ರೋಣದ ಇಳಿಜಾರಿನಲ್ಲಿ ಕಾಫಿ ಹಾಕಿದ ಬಿಳಿ ದೊರೆಗಳು, 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹರಿಹರದ ತನಕ ಹಳಿ ಎಳೆದ ರೈಲ್ವೆಯ ಸಾಹೇಬರು, ಪೈಪು ಅವರ ಕಾಲದ ಸಾಮಾನು. ಆದರೆ ಅದು ದೊರೆಯ ಬಾಯಿಂದ ರೈತನ ಬಾಯಿಗೆ ಇಳಿಯಲಿಲ್ಲ. ಆಮೇಲೆ ನಮ್ಮವರು ಅದನ್ನು ಕಂಡದ್ದು ಟೆಂಟು ಸಿನಿಮಾದಲ್ಲಿ. ರೇಷ್ಮೆ ಗೌನು ತೊಟ್ಟು, ಮಹಡಿಯ ಮೆಟ್ಟಿಲ ಮೇಲೆ ನಿಂತು, ಬಡ ನಾಯಕನಿಗೆ ಮಗಳನ್ನು ಕೊಡುವುದಿಲ್ಲ ಎನ್ನುವ ಶ್ರೀಮಂತನ ಕೈಯಲ್ಲಿ.

ಬಡವನಿಗೆ ಇದ್ದದ್ದು ಚಿಲುಮೆ. ಅಜ್ಜಂಪುರದ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ದನ ಮೇಯಿಸುವವರು, ಕಡೂರಿನ ಬಯಲಲ್ಲಿ ಕುರಿ ಹೊಡೆಯುವವರು ಕುಂಬಾರ ಸುಟ್ಟ ಮಣ್ಣಿನ ಚಿಲುಮೆಯೊಳಗೆ ಒಂದು ಹರಳು ಇಳಿಬಿಟ್ಟು, ಮೇಲೆ ಸೊಪ್ಪು ತುಂಬಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡು ಅಂಗೈ ಗೂಡುಮಾಡಿ ಎಳೆಯುತ್ತಿದ್ದರು. ತುಟಿ ತಾಗುವುದಿಲ್ಲ, ಹಾಗಾಗಿ ನಾಲ್ಕು ಜನಕ್ಕೆ ಒಂದೇ ಸಾಕು. ಬೆಂಕಿಗೆ ಚಕಮಕಿ ಕಲ್ಲು, ಉಕ್ಕಿನ ತುಂಡು, ಒಂದಿಷ್ಟು ಬೂರುಗದ ಅರಳೆ. ಗಾಳಿ ಬೀಸುವ ಕಾವಲಿನಲ್ಲಿ ಬೆಂಕಿಕಡ್ಡಿಗಿಂತ ಅದೇ ಗಟ್ಟಿ. ಆದರೆ ಚಿಲುಮೆಯ ಬಗ್ಗೆ ಯಾರೂ ಖಯಾಲಿ ಮಾಡಿದ್ದಿಲ್ಲ. ಒಡೆದರೆ ಸಂತೆಯಲ್ಲಿ ಇನ್ನೊಂದು.

ಖಯಾಲಿಯೆಲ್ಲ ಸಂಚಿಯ ಸುತ್ತ ಇತ್ತು. ಅಸದ್ ಬೇಗ್ ಆಕಸ್ಮಿಕವಾಗಿ ಮಾಡಿದ್ದನ್ನು ನಮ್ಮ ಜನ ಬೇಕೆಂದೇ ಮಾಡಿದರು ಅಂತ ನನಗೆ ಅನ್ನಿಸುತ್ತದೆ. ಕಡಲಾಚೆಯಿಂದ ಬಂದ ಈ ಸೊಪ್ಪಿಗೆ ಹೊಸ ಮನೆ ಕಟ್ಟುವ ಬದಲು, ಆಗಲೇ ಇದ್ದ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟರು.

ಮನೆ ಎಷ್ಟು ಹಳೆಯದೆಂದರೆ, ತಂಬಾಕು ಬರುವುದಕ್ಕೆ ನಾಲ್ಕೂಮುಕ್ಕಾಲು ಶತಮಾನ ಮೊದಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಭೋಗಕ್ಕೆಂದೇ ಒಂದು ಪ್ರಕರಣ ಇಟ್ಟಿದ್ದ. ಅದೇ ಶತಮಾನದ ಶರಣರಲ್ಲಿ ಬಸವಣ್ಣನವರ ಹಡಪ ಹೊತ್ತ ಅಪ್ಪಣ್ಣ ಇದ್ದಾರೆ, ಹಡಪವೆಂದರೆ ಎಲೆ ಅಡಿಕೆಯ ಚೀಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ಅಬ್ದುಲ್ ರಜಾಕ್ ದೊರೆಯ ಕೈಯಿಂದ ವೀಳ್ಯ, ಕರ್ಪೂರ ಪಡೆದು, ಅದರ ಗುಣಗಾನಕ್ಕೆ ಕೂತ. ತರೀಕೆರೆಯ ಬಗಲಲ್ಲೇ ಇರುವ ಅಮೃತಾಪುರದ ದೇವಾಲಯ 1196ರದ್ದು, ಅಲ್ಲಿಯ ಶಾಸನ ಬರೆದವನು ಕವಿ ಜನ್ನ. ಆ ಕಾಲದ ಆಸ್ಥಾನದಲ್ಲಿ ತಾಂಬೂಲವಿಲ್ಲದೆ ಒಂದು ಮರ್ಯಾದೆಯೂ ಮುಗಿಯುತ್ತಿರಲಿಲ್ಲ.

ಸಂಚಿಯನ್ನು ಬಿಚ್ಚಿ ನೋಡಬೇಕು. ಒಂದರೊಳಗೊಂದು ಅರೆಗಳು, ದಾರ ಎಳೆದರೆ ಬಾಯಿ ಮುಚ್ಚುವ ಹೊಲಿಗೆ. ಲಂಬಾಣಿ ತಾಂಡಾಗಳ ಹೆಂಗಸರು ಹೊಲಿದದ್ದಾದರೆ ಮೇಲೆ ಕವಡೆ, ಕನ್ನಡಿಚೂರು. ದೊಡ್ಡ ಅರೆಯಲ್ಲಿ ಒದ್ದೆ ಬಟ್ಟೆಯೊಳಗೆ ಎಲೆ. ಒಂದರಲ್ಲಿ ಅಡಿಕೆ, ಒಂದರಲ್ಲಿ ಹೊಗೆಸೊಪ್ಪು, ಮೂಲೆಯಲ್ಲೆಲ್ಲೋ ನಾಲ್ಕು ಲವಂಗ. ಸಣ್ಣ ಸರಪಳಿಗೆ ತೂಗುಬಿದ್ದ ಹಿತ್ತಾಳೆಯ ಸುಣ್ಣಕಾಯಿ, ಅದಕ್ಕೊಂದು ಕಡ್ಡಿ. ಮತ್ತೆ ಅಡಕೊತ್ತು. ಹಲ್ಲು ಹೋದವರ ಮನೆಯಲ್ಲಿ ಇದರ ಜೊತೆಗೆ ಕುಟ್ಟಾಣಿ, ಎಲೆ ಅಡಿಕೆಯನ್ನು ಒಟ್ಟಿಗೇ ಜಜ್ಜಿಕೊಡುವುದು ಮೊಮ್ಮಕ್ಕಳ ಪಾಳಿ.

ಪೈಪಿನವನ ಬ್ರಯರಿಗೆ ಸಾಟಿಯಾಗಿ ನಮ್ಮವರು ಮೋಹಿಸಿದ್ದು ಈ ಅಡಕೊತ್ತನ್ನು. ಹಿಡಿ ಹಿತ್ತಾಳೆಯದಿರಬಹುದು, ಗಿಳಿಯಾಗಿಯೋ ಕುದುರೆಯಾಗಿಯೋ ಎರಕ ಹೊಯ್ದಿರಬಹುದು. ಆದರೆ ಬಲ್ಲವನು ಗಿಳಿಯನ್ನು ನೋಡುವುದಿಲ್ಲ, ಅಲಗನ್ನು ನೋಡುತ್ತಾನೆ. ಮೇಲಿನ ಅಲಗು ಕೆಳಗಿನದರ ಮೇಲೆ ಕೂರುವಾಗ ನಡುವೆ ಬೆಳಕು ಕಾಣಬಾರದು. ಮೊಳೆ ಸಡಿಲವಾದರೆ ಅಡಿಕೆ ಸೀಳುವುದಿಲ್ಲ, ಚೂರಾಗಿ ಸಿಡಿಯುತ್ತದೆ. ಒಂದು ಗೋಟಡಿಕೆಯನ್ನು ಅಂಗೈಯಲ್ಲೇ ತಿರುಗಿಸುತ್ತ ಕಾಗದದಂಥ ಹೋಳುಗಳನ್ನಾಗಿ ಇಳಿಸುವ ಕೈಗಳು ಮಾತನ್ನು ನಿಲ್ಲಿಸುವುದಿಲ್ಲ, ಕೆಳಗೆ ನೋಡುವುದೂ ಇಲ್ಲ.

ಆಮೇಲೆ ಎಲೆ. ಅಂಬಾಡಿಯೋ ಕರಿಎಲೆಯೋ ಎಂಬ ಪಂಥ ಬೇರೆ. ಅಂಬಾಡಿ ಮೃದು, ಕರಿಎಲೆಗೆ ಖಾರ. ತೊಟ್ಟು ಮುರಿದು, ತುದಿ ಚಿವುಟಿ, ಉಗುರಿನಿಂದ ನಾರು ಎಳೆದು, ತೊಡೆಯ ಮೇಲೆ ಒರೆಸಿ, ಬೆನ್ನಿಗೆ ಸುಣ್ಣ ಸವರಬೇಕು. ಸುಣ್ಣವೂ ಕಲ್ಲುಸುಣ್ಣವೋ ಕರಾವಳಿಯ ಚಿಪ್ಪಿನ ಸುಣ್ಣವೋ ಎಂಬುದು ವಾದದ ವಿಷಯ. ಅರಳಿಸಿದ್ದನ್ನು ಸೋಸಿ ತಿಂಗಳುಗಟ್ಟಲೆ ನೀರಲ್ಲೇ ಇಟ್ಟು ಬೆಣ್ಣೆಯ ಹದಕ್ಕೆ ತರುವವರಿದ್ದರು. ಒಂದು ಕಡ್ಡಿ ಹೆಚ್ಚಾದರೆ ಬಾಯಿ ಬೇಯುತ್ತದೆ, ಕಡಿಮೆಯಾದರೆ ಕೆಂಪೇ ಏರುವುದಿಲ್ಲ. ಕೆಂಪು ಬರುವುದು ಸುಣ್ಣದ ಕ್ಷಾರ ಅಡಿಕೆಯ ಒಗರಿಗೆ ತಾಗಿದಾಗ. ಅಡಿಕೆಯ ಅರೆಕೊಲಿನ್ ಎಂಬ ಸತ್ವವನ್ನು ಬೇರೆ ರೂಪಕ್ಕೆ ತಿರುಗಿಸುವುದೂ ಅದೇ ಸುಣ್ಣ. ರೂಢಿಯಿಲ್ಲದವರು ಎಳೆ ಅಡಿಕೆ ಬಾಯಿಗೆ ಹಾಕಿಕೊಂಡು ಸೊಕ್ಕಿ, ಬೆವತು, ಗೋಡೆಗೆ ಒರಗಿ ಕೂತ ನೋಟ ಈ ಕಡೆಯ ಮದುವೆ ಮನೆಗಳಿಗೆ ಹೊಸದಲ್ಲ.

ಹೊಗೆಸೊಪ್ಪು ಕೊನೆಯಲ್ಲಿ, ಒಂದು ಚಿಟಿಕೆ. ಪೈಪಿನವನು ಮೂರು ನಾಲ್ಕು ಬಗೆಯ ಸೊಪ್ಪು ಬೆರೆಸಿ ಹದ ಹುಡುಕಿದರೆ ನಮ್ಮವರಿಗೆ ಸೊಪ್ಪು ಒಂದೇ, ಬೆರಕೆಯೆಲ್ಲ ಎಲೆ, ಸುಣ್ಣ, ಅಡಿಕೆಯದ್ದು. ಹೊತ್ತು ಕಳೆಯುವುದರಲ್ಲಿ ಇಬ್ಬರದ್ದೂ ಒಂದೇ ಜಾಯಮಾನ.

ಅಡಿಕೆಯ ಬಗ್ಗೆ ಇಷ್ಟು ಹಠ ಮಾಡಲು ಈ ಸೀಮೆಯವರಿಗೆ ಹಕ್ಕಿತ್ತು, ಅದು ಹಿತ್ತಲ ಸರಕು. ಕರಾವಳಿಯವರು ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಬಿಳಿ ಚಾಲಿ ಮಾಡುತ್ತಾರೆ. ತರೀಕೆರೆ ಕಡೆಯದ್ದು ಕೆಂಪಡಿಕೆ. ಕಾಯಿ ಹಸಿರಿರುವಾಗಲೇ ಗೊನೆ ಇಳಿಸಬೇಕು, ಇಳಿಸಿದ್ದನ್ನು ಕೊಳೆಯಲು ಬಿಡದೆ ಸುಲಿಯಬೇಕು. ಹಾಗಾಗಿ ಸುಗ್ಗಿಯಲ್ಲಿ ಸುಲಿತದ ಮನೆಗಳಿಗೆ ರಾತ್ರಿಯಿಲ್ಲ. ಮೆಟ್ಟುಗತ್ತಿಯನ್ನು ಕಾಲಡಿಗೆ ಅಮುಕಿಕೊಂಡು ಸಾಲಾಗಿ ಕೂತ ಹೆಂಗಸರು ಸುಲಿದದ್ದನ್ನು ಡಬ್ಬದ ಲೆಕ್ಕದಲ್ಲಿ ಅಳೆದುಕೊಡುತ್ತಾರೆ. ಪಕ್ಕದಲ್ಲಿ ಹಂಡೆ ಕುದಿಯುತ್ತಿರುತ್ತದೆ. ಅದರೊಳಗಿರುವುದು ಚೊಗರು, ಅಂದರೆ ಅಡಿಕೆ ಬೇಯಿಸಿ ಬೇಯಿಸಿ ಗಟ್ಟಿಯಾದ ಕಡುಗೆಂಪು ರಸ. ಬಣ್ಣವೂ ಹೊಳಪೂ ಅದರ ಕೃಪೆ. ಆಮೇಲೆ ಅಂಗಳದಲ್ಲೋ ಅಟ್ಟದ ಮೇಲೋ ಒಣಗುವುದು, ವಿಂಗಡಿಸುವುದು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಪತ್ರಿಕೆಯ ಪೇಟೆ ಧಾರಣೆಯಲ್ಲಿ ದಿನವೂ ಬರುವ ಹೆಸರುಗಳು ಪಟ್ಟಣದವರಿಗೆ ಬರೀ ಅಕ್ಷರ. ಸಂಚಿಯವನಿಗೆ ಅವು ನಾಲ್ಕು ರುಚಿ. ಇನ್ನು ನೀರಡಿಕೆಯವರದು ಬೇರೆಯೇ ಮಠ. ಹಣ್ಣಡಿಕೆಯನ್ನು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿ, ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುವ ವಾಸನೆ ಬಂದ ಮೇಲೆಯೇ ಅದನ್ನು ಬಾಯಿಗೆ ಹಾಕಿಕೊಳ್ಳುವವರು.

ಮೊದಲು ಇಲ್ಲಿ ತೋಟವಿದ್ದದ್ದು ಕೆರೆಯ ಕೆಳಗೆ, ಅಯ್ಯನಕೆರೆ, ಮದಗದ ಕೆರೆಯಂಥ ದೊಡ್ಡ ಕೆರೆಗಳ ನೀರು ಹರಿದಷ್ಟು ದೂರ. ಮೇಲಿನದೆಲ್ಲ ರಾಗಿ, ಜೋಳ, ಅಜ್ಜಂಪುರದ ಕಡೆ ಈರುಳ್ಳಿ. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ರೈಲು ಹೋದ ಮೇಲೆ ಅಡಿಕೆ ಮೂಟೆಗೆ ದೂರದ ಪೇಟೆ ಹತ್ತಿರವಾಯಿತು. 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್‌ಕೋಸ್ ಹುಟ್ಟಿ ಬೆಳೆಗಾರನಿಗೆ ದಲ್ಲಾಳಿಯ ಹೊರತಾಗಿ ಇನ್ನೊಂದು ಬಾಗಿಲು ತೆರೆಯಿತು. 1965ರ ಹೊತ್ತಿಗೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಮುಗಿಯಿತು. ಆಮೇಲಿನದು ಬೋರ್‌ವೆಲ್ ಕಾಲ. ರಾಗಿ ಹೊಲದಲ್ಲೂ ಅಡಿಕೆ ಸಸಿ ಎದ್ದಿತು, ಬರ ಬಂದ ವರ್ಷ ಟ್ಯಾಂಕರಿನಲ್ಲಿ ನೀರು ಹೊಡೆದು ತೋಟ ಉಳಿಸಿಕೊಂಡ ಕಡೂರಿನವರೂ ಇದ್ದಾರೆ.

ಇಷ್ಟೊಂದು ಅಡಿಕೆಯನ್ನು ಯಾರು ತಿಂದರು? ಸಂಚಿಯವರಂತೂ ಅಲ್ಲ.

1970ರ ದಶಕದಲ್ಲಿ ಪಾನ್ ಮಸಾಲ ಡಬ್ಬಿಯಲ್ಲಿ ಬಂತು, ನಂತರ ಚೀಟಿಯಲ್ಲಿ. ಅದಕ್ಕೆ ತಂಬಾಕು ಬೆರೆತು ಗುಟ್ಕಾ ಆಯಿತು. ಎಲೆ ಇಲ್ಲ, ನಾರು ಎಳೆಯುವುದಿಲ್ಲ, ಅಡಕೊತ್ತು ಬೇಡ, ಕೂರುವ ಜಗಲಿಯೂ ಬೇಡ. ಹಲ್ಲಲ್ಲಿ ಕಚ್ಚಿ ಹರಿದು ಬಸ್ಸು ಓಡುತ್ತಿರುವಾಗಲೇ ಬಾಯಿಗೆ ಸುರಿದುಕೊಂಡರಾಯಿತು. ಕಾರ್ಖಾನೆಯವರು ಮಾರಿದ್ದು ಅಡಿಕೆಯನ್ನಲ್ಲ, ಉಳಿತಾಯವಾದ ಆ ಕಾಲು ಗಂಟೆಯನ್ನು. ಸಂಚಿಯ ಖಯಾಲಿ ಇದ್ದದ್ದು ಆ ಕಾಲು ಗಂಟೆಯೊಳಗೇ. ಹಾಗಾಗಿ ತೋಟಗಳು ಹಬ್ಬುತ್ತ ಹೋದ ಹಾಗೆ ಸಂಚಿಗಳು ಗೂಟದ ಮೇಲೇ ಉಳಿದವು. ಈ ಸೀಮೆಯ ಎಷ್ಟೋ ಹೊಸ ಮನೆ, ಟ್ರ್ಯಾಕ್ಟರು, ಕಾಲೇಜು ಫೀಜಿನ ಹಿಂದೆ ಉತ್ತರ ಭಾರತದ ಯಾವುದೋ ಊರಿನವನು ಹರಿದ ಚೀಟಿ ಇದೆ ಎನ್ನುವುದನ್ನು ಇಲ್ಲಿ ಯಾರೂ ಮುಚ್ಚಿಡುವುದಿಲ್ಲ.

ಹಾಗಂತ ಸಂಚಿಯನ್ನು ಪೂಜೆಗಿಡುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಸೇರಿಸಿದ ತಜ್ಞರು, ತಂಬಾಕಿಲ್ಲದೆಯೂ ಅಡಿಕೆ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಅದನ್ನು ಮೊದಲ ಗುಂಪಿಗೆ ಹಾಕಿದರು. ತೋಟದವರಿಗೆ ಈ ಮಾತು ಇವತ್ತಿಗೂ ನುಂಗಲಾಗದ ತುತ್ತು. ಆದರೆ ಎಲೆ ಅಡಿಕೆಯನ್ನು ದಿನವಿಡೀ ದವಡೆಯಲ್ಲಿಟ್ಟುಕೊಂಡು ಕೊನೆಗೆ ಬಾಯಿ ತೆರೆಯಲಾಗದೆ ಗಂಜಿ ಕುಡಿದವರು ಗುಟ್ಕಾ ಬರುವ ಮುಂಚೆಯೂ ಊರೂರಲ್ಲಿ ಇದ್ದರು. ನಿಧಾನವಾಗಿ ಮಾಡಿದ ಮಾತ್ರಕ್ಕೆ ಅದರ ನಂಜು ಇಳಿಯುವುದಿಲ್ಲ. ಪೈಪಿನವರೂ ಈ ಸಮಾಧಾನವನ್ನೇ ಹೇಳಿಕೊಳ್ಳುತ್ತಾರೆ, ಹೊಗೆಯನ್ನು ಒಳಗೆ ಎಳೆಯುವುದಿಲ್ಲ ಎಂದು. ಬಾಯಿ, ಗಂಟಲು ಒಳಗಲ್ಲದೆ ಎಲ್ಲಿವೆಯೋ.

2013ರ ಮೇ ಕೊನೆಗೆ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಜಹಾಂಗೀರನ ಕಾಲಕ್ಕಿಂತ ಈ ಸಲದ ಉಪಾಯ ಚುರುಕಾಗಿತ್ತು. ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ, ಎರಡೂ ಅದೇ ಗೂಡಂಗಡಿಯ ಒಂದೇ ದಾರದಲ್ಲಿ ತೂಗುಬಿದ್ದವು. ಕೊಂಡವನು ಎರಡನ್ನೂ ಅಂಗೈ ಮೇಲೆ ಸುರಿದು ಬೆರೆಸಿಕೊಂಡ.

ಅಡಕೊತ್ತುಗಳಿಗೆ ಮಾತ್ರ ಈಗ ಹೊಸ ಗಿರಾಕಿ ಹುಟ್ಟಿದ್ದಾರೆ. ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಮ್ಮಿನಲ್ಲಿ ಅವುಗಳದ್ದೇ ದೊಡ್ಡ ಸಂಗ್ರಹವಿದೆ. ಹಳೆಯ ಹಿತ್ತಾಳೆಗೆ ಬೆಲೆ ಕಟ್ಟುವವರು ಹಳ್ಳಿಗಳಿಗೂ ಬರುತ್ತಾರೆ. ಗಿಳಿಯದಕ್ಕೆ ಒಂದು ದರ, ಜೋಡಿ ಕುದುರೆಯದಕ್ಕೆ ಇನ್ನೊಂದು. ಹಿಡಿಯ ಸವೆತ, ಎರಕದ ಗೆರೆ, ಮೊಳೆ ಹಳತೋ ಹೊಸತೋ ಎಂದು ಭೂತಗನ್ನಡಿ ಹಿಡಿದು ನೋಡುವ ಈ ಸಂಗ್ರಾಹಕರಲ್ಲಿ ಎಲೆ ಅಡಿಕೆ ಹಾಕುವವರು ಕಡಿಮೆ. ಅಲಗು ಕೂರುತ್ತದೆಯೋ ಇಲ್ಲವೋ ಎಂದು ಕೇಳುವವರಂತೂ ಇನ್ನೂ ಕಡಿಮೆ.

ಮದುವೆಗಳಲ್ಲಿ ತಾಂಬೂಲದ ಶಾಸ್ತ್ರ ತಪ್ಪಿಲ್ಲ. ಊಟವಾಗಿ ಹೊರಡುವವರ ಕೈಗೆ ತೆಂಗಿನಕಾಯಿಯ ಚೀಲ ಬರುತ್ತದೆ. ಕಾಯಿ ಕಡೂರಿನದು, ಎರಡು ಎಲೆ ಅಲ್ಲೇ ಹತ್ತಿರದ ಬಳ್ಳಿಯದು. ಅಡಿಕೆ ಮಾತ್ರ ಎಲ್ಲಿಂದಲೋ ಬಂದ ಕಾರ್ಖಾನೆಯ ಸಿಹಿ ಪೊಟ್ಟಣದ್ದು, ಅತ್ತರಿನ ವಾಸನೆಯದ್ದು. ಪಂಕ್ತಿಯಲ್ಲಿ ಕೂತವರಲ್ಲಿ ಮುಕ್ಕಾಲು ಮಂದಿ ತೋಟದವರು. ಹಿರಿಯರು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ ಮಕ್ಕಳಿಗೆ ಕೊಟ್ಟುಬಿಡುತ್ತಾರೆ, ಮಕ್ಕಳು ಮಿಠಾಯಿಯೆಂದೇ ತಿನ್ನುತ್ತವೆ.