ಅಳುವ ಮರಿಯನ್ನು ಎತ್ತಿಕೊಳ್ಳುವ ಮುನ್ನ

ಕಡಲತೀರದಲ್ಲಿ ಪುಟ್ಟ ಮರಿಯೊಂದು ಒಂಟಿಯಾಗಿ ಬಿದ್ದು ಅಳುತ್ತಿದ್ದರೆ ನೀವೇನು ಮಾಡುತ್ತೀರಿ? ಓಡಿಹೋಗಿ ಎತ್ತಿಕೊಳ್ಳುತ್ತೀರಿ. ಹೆತ್ತ ಕರುಳಿಗೆ ಬೇರೇನು ತೋಚೀತು?

ನೆದರ್‌ಲ್ಯಾಂಡ್ಸ್‌ನ ಉತ್ತರ ಕರಾವಳಿಯಲ್ಲಿ, ತಾಯಿಯಿಂದ ಅಗಲಿದ ಸೀಲ್ ಮರಿಗೆ 'ಅಳುಬುರುಕ' ಎಂಬರ್ಥದ ಹೆಸರೇ ಇದೆ. ಅಲ್ಲಿನ ಪೀಟರ್‌ಬ್ಯೂರೆನ್ ಎಂಬ ಹಳ್ಳಿಯಲ್ಲಿ ಲೆನಿ ಹಾರ್ಟ್ ಎಂಬ ಮಹಿಳೆ 1971ರಲ್ಲಿ ತಮ್ಮ ಮನೆಯ ಹಿತ್ತಲಲ್ಲೇ ಇಂತಹ ಮರಿಗಳ ಆರೈಕೆಗೆ ತೊಡಗಿದರು. ಮುಂದೆ ಅದು ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. 1988ರಲ್ಲಿ ವೈರಸ್ ರೋಗವೊಂದು ಆ ಭಾಗದ ಕಡಲುಗಳಲ್ಲಿ ಸುಮಾರು 18 ಸಾವಿರ ಸೀಲ್‌ಗಳನ್ನು ಬಲಿ ಪಡೆಯಿತು.

ಈ ಮರಿಗಳನ್ನು ಸಾಕುವುದು ನಾವು ಬೆಕ್ಕಿನ ಮರಿ ಸಾಕಿದಷ್ಟು ಸುಲಭವಲ್ಲ. ತಾಯಿಯ ಹಾಲಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ಹಸುವಿನ ಹಾಲು ಪ್ರಯೋಜನಕ್ಕೆ ಬಾರದು. ಮೊದಲು ಕೊಳವೆಯ ಮೂಲಕ ಹೊಟ್ಟೆಗೆ ದ್ರವಾಹಾರ, ಅನಂತರ ಇಡೀ ಮೀನು. ಕೊಳದಲ್ಲಿ ಇತರ ಸೀಲ್‌ಗಳೊಡನೆ ಪೈಪೋಟಿ ನಡೆಸಿ ಮೀನು ಕಸಿದು ತಿನ್ನಲು ಕಲಿತು, ಮೈ ತುಂಬಿಕೊಂಡ ಮೇಲೆ ಕಡಲಿಗೆ ಬಿಡುತ್ತಾರೆ. ಮುದ್ದು ಮಾಡುವಂತಿಲ್ಲ. ಮನುಷ್ಯರ ಸಲಿಗೆ ಅದಕ್ಕೆ ಮುಂದೆ ಅಪಾಯ.

ಆದರೆ ಅಳುವ ಮರಿಯೆಲ್ಲ ತಬ್ಬಲಿಯಲ್ಲ! ತಾಯಿ ಬೇಟೆಗೆ ಹೋಗಿರಬಹುದು. ಸುತ್ತ ಜನ ನೆರೆದರೆ ಅದು ಹೆದರಿ ದಡಕ್ಕೇ ಬರದು. ಹಾಗೆ ಎಷ್ಟೋ ಮರಿಗಳು ಕನಿಕರಪಟ್ಟವರಿಂದಲೇ ತಬ್ಬಲಿಯಾಗುತ್ತವೆ. ಅದಕ್ಕೆಂದೇ 2020ರಲ್ಲಿ ಅಲ್ಲಿನ ಸರಕಾರ ಮತ್ತು ಆರೈಕೆ ಕೇಂದ್ರಗಳು ಒಪ್ಪಂದ ಮಾಡಿಕೊಂಡವು. ತರಬೇತಿ ಪಡೆದ ಸ್ವಯಂಸೇವಕರು ಜನರನ್ನೂ ನಾಯಿಗಳನ್ನೂ ದೂರವಿಟ್ಟು, ಸಾಮಾನ್ಯವಾಗಿ 24 ಗಂಟೆಗಳವರೆಗೆ ಮರಿಯನ್ನು ದೂರದಿಂದಲೇ ಗಮನಿಸುತ್ತಾರೆ. ಅಷ್ಟರಲ್ಲೂ ತಾಯಿ ಬಾರದಿದ್ದರೆ ಆಗ ಮರಿಯನ್ನು ಎತ್ತಿಕೊಳ್ಳುತ್ತಾರೆ.